ಪ್ರಕಟಣೆಯಲ್ಲಿ ‘ಹೊರಡುತ್ತದೆ’, ‘ಹೊರಡುವುದು’, ‘ಹೊರಡಲಿದೆ’: ಯಾವುದು ಸರಿ?

ಪ್ರಶ್ನೆ: ದಾವಣಗೆರೆಯ ನಮ್ಮ ಸಂಘದಿಂದ ಭಾನುವಾರ ಚಿತ್ರದುರ್ಗದ ಕೋಟೆಗೆ ಮಕ್ಕಳ ಪ್ರವಾಸ ಇದೆ. ‘ಬಸ್ ಹೊರಡುತ್ತದೆ’ ಎಂದರೆ ವರ್ತಮಾನಕಾಲ ಆಗುವುದಿಲ್ಲವೇ? ಏನು ಬರೆಯಲಿ?

ಉತ್ತರ 1: ರೂಪ ವರ್ತಮಾನದ್ದೇ ಸರ್, ಆದರೆ ಇಂದಿನ ಕನ್ನಡದಲ್ಲಿ ಭವಿಷ್ಯತ್ತಿಗೂ ಅದೇ ನಡೆಯುತ್ತದೆ. ಷರತ್ತು ಒಂದೇ, ದಿನ ಹೇಳಲೇಬೇಕು. ‘ಬೆಳಿಗ್ಗೆ 7ಕ್ಕೆ ಬಸ್ ಹೊರಡುತ್ತದೆ’ ಎಂದಷ್ಟೇ ಬರೆದರೆ ದಿನಾ ಹೊರಡುವ ಬಸ್ ಅಂತ ಓದುತ್ತಾರೆ. ‘ಭಾನುವಾರ’ ಸೇರಿಸಿ, ಗೊಂದಲ ಹೋಯಿತು. ‘ಹೊರಡಲಿದೆ’ ಎಂಬುದು ನಿಗದಿಯಾದ ಕಾರ್ಯಕ್ರಮಕ್ಕೆ ಹೇಳಿಮಾಡಿಸಿದ ರೂಪ, ಪ್ರಕಟಣೆಗೆ ನನ್ನ ಆಯ್ಕೆ ಅದೇ. ‘ಹೊರಡುವುದು’ ತಪ್ಪಲ್ಲ, ಸ್ವಲ್ಪ ಗ್ರಾಂಥಿಕ.

ಉತ್ತರ 2: ನಿಷೇಧದಲ್ಲಿ ಹುಷಾರು. ‘ಹೊರಡಲಿದೆ’ಗೆ ವಿರುದ್ಧ ‘ಹೊರಡಲಿಲ್ಲ’ ಅಲ್ಲ, ಅದು ಭೂತಕಾಲ! ಪ್ರವಾಸ ರದ್ದಾದರೆ ‘ಬಸ್ ಹೊರಡುವುದಿಲ್ಲ’ ಎಂದೇ ಬರೆಯಿರಿ. ‘ಅತಿಥಿಗಳು ಬಂದಾರು’ ಎಂದೂ ಹಾಕಬೇಡಿ. ಅದು ಸಂಭಾವನಾರ್ಥಕ ರೂಪ, ಬಂದರೂ ಬರಬಹುದು ಎಂಬರ್ಥ. ಒಪ್ಪಿಕೊಂಡವರಿಗೆ ‘ಬರಲಿದ್ದಾರೆ’.

ಪ್ರಶ್ನೆ ಕೇಳಿದವರು: ಇನ್ನೂ ಖಚಿತವಾಗದ ಯೋಜನೆಗೆ?

ಉತ್ತರ 1: ‘ಚಂದ್ರವಳ್ಳಿಗೂ ಹೋಗಬೇಕೆಂದಿದ್ದೇವೆ’. ಇದು ಬರೀ ಉದ್ದೇಶ, ಮಾತು ಕೊಟ್ಟಂತಲ್ಲ. ‘ಹೋಗುವವರಿದ್ದೇವೆ’ ಎಂದರೆ ತೀರ್ಮಾನ ಆಗಿದೆ. ಅದನ್ನೇ ‘ಹೋಗುವವರಿದ್ದೆವು’ ಮಾಡಿದರೆ ಯೋಜನೆ ಕೈಬಿಟ್ಟಿದೆ ಎಂಬ ಧ್ವನಿ ಬರುತ್ತದೆ. ಒಂದು ‘ದ್ದೇವೆ’ ‘ದ್ದೆವು’ ಆದರೆ ಸಾಕು, ಹಾಗಾಗಿ ಅಚ್ಚಿಗೆ ಕೊಡುವ ಮುಂಚೆ ಪದದ ಆ ಕೊನೆಯನ್ನು ಕಣ್ಣಿಟ್ಟು ನೋಡಿ.