ಕಸಿ ಮಾಡಿದ ಯಕೃತ್ತಿಗೂ ಹಳೆಯ ಕಾಯಿಲೆ ಮರಳುತ್ತದೆಯೇ?

ಪ್ರಶ್ನೆ:
ಆಟೋಇಮ್ಯೂನ್ ಹೆಪಟೈಟಿಸ್‌ನಿಂದ (ದೇಹದ ರೋಗನಿರೋಧಕ ವ್ಯವಸ್ಥೆಯೇ ಯಕೃತ್ತಿನ ಮೇಲೆ ಎರಗುವ ಕಾಯಿಲೆ) ಯಕೃತ್ತು ಪೂರ್ತಿ ಹಾಳಾಗಿದ್ದ ನನ್ನ ಅಕ್ಕನಿಗೆ ನಾಲ್ಕು ವರ್ಷಗಳ ಹಿಂದೆ ಕಸಿ ನಡೆಯಿತು. ಆಮೇಲೆ ಸ್ಟೀರಾಯ್ಡ್ ನಿಲ್ಲಿಸಿದರು. ಈಗ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಟ್ಯಾಕ್ರೊಲಿಮಸ್ ಮಾತ್ರ ನಡೆಯುತ್ತಿದೆ. ಕಳೆದ ಬಾರಿ 38 ಇದ್ದ ಎಎಲ್‌ಟಿ (ಯಕೃತ್ತಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಕಿಣ್ವ) ಈ ಬಾರಿ 164 ಆಗಿದೆ, ಆದರೆ ಕಾಮಾಲೆಯಾಗಲಿ ಆಯಾಸವಾಗಲಿ ಇಲ್ಲ. ಬೇರೊಬ್ಬರ ಯಕೃತ್ತಿಗೆ ಅಕ್ಕನ ಕಾಯಿಲೆ ಬರಲು ಸಾಧ್ಯವೇ, ಅಥವಾ ಇದು ರಿಜೆಕ್ಷನ್ (ಕಸಿಯಾದ ಅಂಗವನ್ನು ದೇಹ ತಿರಸ್ಕರಿಸುವುದು) ಇರಬಹುದೇ? ಯಕೃತ್ತಿನ ಸಣ್ಣ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿ ಆಗಬೇಕೆಂದಿದ್ದಾರೆ, ರಕ್ತ ಪರೀಕ್ಷೆಯಲ್ಲಿಯೇ ತಿಳಿಯುವುದಿಲ್ಲವೇ?

ಉತ್ತರ 1:
ದಾನಿಯಿಂದ ಬಂದದ್ದು ಯಕೃತ್ತು ಮಾತ್ರ, ಅದರ ಮೇಲೆ ಎರಗುವ ರೋಗನಿರೋಧಕ ವ್ಯವಸ್ಥೆ ನಿಮ್ಮ ಅಕ್ಕನದೇ. ಹೀಗೆ ಕಾಯಿಲೆ ಮರಳುವುದು 1984ರಲ್ಲಿಯೇ ವರದಿಯಾಗಿದೆ. ಎಎನ್‌ಎಯಂತಹ, ಸ್ವಂತ ಕೋಶಗಳ ವಿರುದ್ಧವೇ ಹುಟ್ಟುವ ಪ್ರತಿಕಾಯಗಳು ಕಸಿಯ ನಂತರವೂ ರಕ್ತದಲ್ಲಿ ಉಳಿಯುವುದರಿಂದ, ಅವು ಪಾಸಿಟಿವ್ ಎಂದ ಮಾತ್ರಕ್ಕೆ ಕಾಯಿಲೆ ಮರಳಿದೆ ಎನ್ನಲಾಗದು. ರಕ್ತದಲ್ಲಿ ಐಜಿಜಿ ಎಂಬ ಬಗೆಯ ಪ್ರತಿಕಾಯಗಳ ಒಟ್ಟು ಪ್ರಮಾಣ ಏರಿದ್ದರೆ ಅನುಮಾನ ಬಲಗೊಳ್ಳುತ್ತದೆ, ಅಷ್ಟೇ. ಬಯಾಪ್ಸಿಯ ತುಣುಕಿನಲ್ಲಿ ಪ್ಲಾಸ್ಮಾ ಕೋಶಗಳು (ಪ್ರತಿಕಾಯ ತಯಾರಿಸುವ ಕೋಶಗಳು) ಗುಂಪುಗೂಡಿ ಯಕೃತ್ ಕೋಶಗಳ ಅಂಚನ್ನು ಕೊರೆಯುತ್ತಿದ್ದರೆ ಹಳೆಯ ಕಾಯಿಲೆಯ ಕಡೆಗೂ, ಉರಿಯೂತವು ಪಿತ್ತನಾಳ ಹಾಗೂ ರಕ್ತನಾಳದ ಒಳಪದರವನ್ನು ಹಿಡಿದಿದ್ದರೆ ರಿಜೆಕ್ಷನ್ ಕಡೆಗೂ ತೀರ್ಪು ವಾಲುತ್ತದೆ. ಕೆಲವೊಮ್ಮೆ ಎರಡೂ ಬೆರೆತಿರುತ್ತವೆ, ಆಗ ಪರಿಣತರಿಗೂ ತೊಡಕೇ. ಸೈಟೊಮೆಗಲೊವೈರಸ್, ಹೆಪಟೈಟಿಸ್ ಇ ವೈರಸ್‌ಗಳ ಸೋಂಕು, ಪಿತ್ತನಾಳದ ಕಿರಿದಾಗುವಿಕೆ ಹಾಗೂ ಔಷಧಿಗಳ ಪರಿಣಾಮವನ್ನೂ ಪರಿಶೀಲಿಸಬೇಕಾಗುತ್ತದೆ. ಲಕ್ಷಣವಿಲ್ಲವೆಂದು ಮುಂದೂಡಬೇಡಿ, ಎಎಲ್‌ಟಿ ಏರುವ ಮೊದಲೇ ಬಯಾಪ್ಸಿಯಲ್ಲಿ ಕಾಯಿಲೆ ಕಾಣಿಸಿಕೊಂಡದ್ದೂ ಉಂಟು.

ಉತ್ತರ 2:
ನನಗೆ ಕಸಿಯಾದ ಆರನೆಯ ವರ್ಷ ಇದೇ ಕಾಯಿಲೆ ಮರಳಿತು. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮತ್ತೆ ಆರಂಭಿಸಿ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್ ಸೇರಿಸಿ, ಎಎಲ್‌ಟಿ ಇಳಿದಂತೆ ಸ್ಟೀರಾಯ್ಡನ್ನು ತಿಂಗಳುಗಟ್ಟಲೆ ನಿಧಾನವಾಗಿ ತಗ್ಗಿಸಿದರು. ಈಗ ದಿನಕ್ಕೆ 5 ಮಿಲಿಗ್ರಾಂ ಮುಂದುವರಿದಿದೆ. ಬಯಾಪ್ಸಿಗಿಂತ ಆನಂತರ ಗಂಟೆಗಟ್ಟಲೆ ಅಲುಗಾಡದೆ ಮಲಗುವುದೇ ನನಗೆ ಹೆಚ್ಚು ಕಷ್ಟವಾಯಿತು. ಒಂದು ಮಾತು ಕೇಳಬೇಕು: ಟ್ಯಾಕ್ರೊಲಿಮಸ್ ಮಟ್ಟ ನೋಡಲು ರಕ್ತ ಕೊಟ್ಟದ್ದು ಬೆಳಗಿನ ಮಾತ್ರೆಗೆ ಮೊದಲೋ, ಆಮೇಲೋ? ಆಮೇಲೆ ಕೊಟ್ಟಿದ್ದರೆ ಮಟ್ಟ ಹೆಚ್ಚಾಗಿ ಕಂಡು ದಾರಿ ತಪ್ಪಿಸುತ್ತದೆ.

ಉತ್ತರ 3:
ನನ್ನದು ಪಿಬಿಸಿ, ಯಕೃತ್ತಿನೊಳಗಿನ ಸಣ್ಣ ಪಿತ್ತನಾಳಗಳ ಆಟೋಇಮ್ಯೂನ್ ಕಾಯಿಲೆ. ಅದೂ ಮರಳಬಹುದೆಂಬ ಕಾರಣಕ್ಕೆ ಕಸಿಯ ನಂತರವೂ ಅರ್ಸೊಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆ ಕೊಡುತ್ತಿದ್ದಾರೆ. ಪಿತ್ತನಾಳಗಳು ಗಾಯಗಟ್ಟಿ ಕಿರಿದಾಗುವ ಪಿಎಸ್‌ಸಿ ಇದ್ದವರಿಗಾದರೆ ಆ ನಾಳಗಳನ್ನು ನೋಡಲು ಎಂಆರ್‌ಸಿಪಿ ಎಂಬ ಎಂಆರ್‌ಐ ಸ್ಕ್ಯಾನ್ ಮಾಡಿಸುತ್ತಾರೆ.

ಪ್ರಶ್ನೆ ಕೇಳಿದವರು:
ಅಕ್ಕನನ್ನು ವಿಚಾರಿಸಿದೆ. ಮಾತ್ರೆ ನುಂಗಿದ ಎರಡು ಗಂಟೆಯ ಬಳಿಕ ರಕ್ತ ಕೊಟ್ಟಿದ್ದಾಳೆ; ವರದಿಯಲ್ಲಿ ಮಟ್ಟ ಸಾಕಷ್ಟಿದೆ ಎಂದು ನಾವು ನಿಶ್ಚಿಂತೆಯಿಂದ ಇದ್ದೆವು. ನಾಳೆ ಮಾತ್ರೆಗೆ ಮೊದಲೇ ಮತ್ತೆ ರಕ್ತ ಕೊಡಿಸಿ, ಐಜಿಜಿಯನ್ನೂ ಕೇಳುತ್ತೇನೆ. ಬಯಾಪ್ಸಿಗೆ ಅವಳು ಒಪ್ಪಿದ್ದಾಳೆ.