ಮಧ್ಯಯುಗದ ಕ್ರೈಸ್ತ ಸನ್ಯಾಸಿನಿಯರ ಬಗ್ಗೆ ಒಳ್ಳೆ ಕಾದಂಬರಿ ಯಾವ್ದಿದೆ? (ಲವ್ ಸ್ಟೋರಿ ಬೇಡ)

ಸಂಜೆಪುಸ್ತಕ:
ಕಾನ್ವೆಂಟ್ ಅಂದ್ರೆ ನಂಗೆ ಇಷ್ಟು ದಿನ ಟೈ, ಶೂ, ಡೊನೇಶನ್ ಅಷ್ಟೇ. ಹೋದ ತಿಂಗಳು ಲಾರೆನ್ ಗ್ರಾಫ್ ಅವರ "ಮೇಟ್ರಿಕ್ಸ್" ಓದ್ದೆ (ಕರಿ ಕನ್ನಡಕದ ಸಿನಿಮಾ ಅಲ್ಲ). 1158ರಲ್ಲಿ 17 ವರ್ಷದ ಮರೀ ಅನ್ನೋ ಹುಡುಗೀನ ರಾಣಿ ಎಲಿನಾರ್ ಇಂಗ್ಲೆಂಡಿನ ಒಂದು ಬಡ ಮಠಕ್ಕೆ ಸಾಗಹಾಕ್ತಾಳೆ, ಅಲ್ಲಿ ಸನ್ಯಾಸಿನಿಯರು ಹೊಟ್ಟೆಗಿಲ್ಲದೆ ಸಾಯ್ತಿರ್ತಾರೆ, ಇವಳು ಹೋಗಿ ಬಾಕಿ ಗೇಣಿ ವಸೂಲಿ ಮಾಡಿ ಮಠಾನ ಎತ್ತಿ ನಿಲ್ಲಿಸ್ತಾಳೆ. ಅಲ್ಲಿ ತನಕ ಸಖತ್. ಆಮೇಲೆ ಕಾಡಲ್ಲಿ ಚಕ್ರವ್ಯೂಹ ಕಟ್ಟೋದು, ಪಾದ್ರಿನೇ ಬೇಡ ಅಂತ ತಾನೇ ಮಾಸ್ (ಚರ್ಚಿನ ಪೂಜೆ) ಹೇಳೋದು ಎಲ್ಲ ಬಂದಾಗ, ಇವಳು ಇವತ್ತಿನ ಹೆಂಗಸು ಅಲ್ವಾ, ಬಟ್ಟೆ ಮಾತ್ರ ಆಗಿಂದು ಅನ್ನಿಸ್ತು. ನಂಗೆ ಬೇಕಿರೋದು ಆ ಹೆಂಗಸರು ನಿಜವಾಗ್ಲೂ ದೇವರನ್ನ ನಂಬ್ತಿದ್ದ ಕಾದಂಬರಿ, ಅಡುಗೆಮನೆ ಲೆಕ್ಕ ಪತ್ರನೂ ಇದ್ರೆ ಇನ್ನೂ ಒಳ್ಳೇದು. ಅಕ್ಕಮಹಾದೇವಿ ಜೊತೆ ಹೋಲಿಸೋ ಕಾಮೆಂಟ್ ಬೇಡ ಪ್ಲೀಸ್, ಅದಕ್ಕೆ ಬೇರೆ ಥ್ರೆಡ್‌ಗಳು ಬೇಕಾದಷ್ಟಿವೆ.

ಹಳೇ_ಖಾತೆಪುಸ್ತಕ:
ಲೆಕ್ಕ ಪತ್ರ ಅಂದ್ರಿ ಅಂತ ಬಂದೆ. ಸಿಲ್ವಿಯಾ ಟೌನ್‌ಸೆಂಡ್ ವಾರ್ನರ್ 1948ರಲ್ಲಿ ಬರೆದ "ದ ಕಾರ್ನರ್ ದಟ್ ಹೆಲ್ಡ್ ದೆಮ್" ಓದಿ. 14ನೇ ಶತಮಾನದ ಓಬಿ ಅನ್ನೋ ಕಾಲ್ಪನಿಕ ಮಠ, ನಾಯಕಿ ಅಂತ ಯಾರೂ ಇಲ್ಲ, ಕಥೆ ಅನ್ನೋದೂ ಇಲ್ಲ ಅನ್ನಬಹುದು, ಛಾವಣಿ ಸೋರುತ್ತೆ, ಸಾಲ ಏರುತ್ತೆ, ಗೋಪುರ ಕಟ್ಟೋ ಕೆಲಸ ಮುಗಿಯೋದೇ ಇಲ್ಲ, ಥೇಟ್ ನಮ್ಮೂರ ದೇವಸ್ಥಾನದ ಜೀರ್ಣೋದ್ಧಾರ ಕಮಿಟಿ. 1349ರ ಪ್ಲೇಗ್ ಟೈಮಲ್ಲಿ ರಾಲ್ಫ್ ಕೆಲ್ಲೋ ಅನ್ನೋನು ನಾನೊಬ್ಬ ಪಾದ್ರಿ ಅಂತ ಸುಳ್ಳು ಹೇಳಿ ಒಳಗೆ ಸೇರ್ಕೊಂಡುಬಿಡ್ತಾನೆ, ವರ್ಷಗಟ್ಟಲೆ ಅಲ್ಲೇ ಇರ್ತಾನೆ. ನಮಗೆ ಇದು ಕಾಮಿಡಿ. ಆದ್ರೆ ನಂಬೋರ ಕಡೆಯಿಂದ ಯೋಚನೆ ಮಾಡಿ: ದೀಕ್ಷೆನೇ ಆಗದೋನು ಕೊಟ್ಟ ಪಾಪಕ್ಷಮೆ ಪಾಪಕ್ಷಮೆನಾ? ಅವನ ಮುಂದೆ ಪಾಪ ಒಪ್ಕೊಂಡು ಸತ್ತೋರ ಗತಿ ಏನು? ಇದನ್ನ ವಾರ್ನರ್ ಎಲ್ಲೂ ದನಿ ಎತ್ತಿ ಕೇಳಲ್ಲ, ಅದು ಸುಮ್ನೆ ತಳದಲ್ಲಿ ಕೂತಿರುತ್ತೆ.

ಹಾಂ, ಎಲ್ಲರೂ ಭಾರಿ ಭಕ್ತೆಯರೇ ಆಗಿದ್ರು ಅಂತನೂ ಅಂದ್ಕೋಬೇಡಿ. 1387ರಲ್ಲಿ ವಿಂಚೆಸ್ಟರ್ ಬಿಷಪ್ ವಿಲಿಯಂ ಆಫ್ ವಿಕಮ್, ರಾಮ್ಸಿ ಮಠದ ಸನ್ಯಾಸಿನಿಯರಿಗೆ ಚರ್ಚ್ ಒಳಗೆ ಹಕ್ಕಿ, ಮೊಲ, ನಾಯಿ ತರ್ಬೇಡ್ರಮ್ಮ ಅಂತ ಬರೆದು ಹೇಳ್ಬೇಕಾಯ್ತು.

ಕುಡ್ಲದ_ಓದು:
ರಾಬಿನ್ ಕ್ಯಾಡ್ವಾಲಡರ್ ಅವರ "ದಿ ಆಂಕರೆಸ್" ಉಂಟು. 1255, ಸಾರಾ ಎಂಬ 17ರ ಹುಡುಗಿ, ಅಕ್ಕತಂಗಿಯಲ್ಲಿ ಒಬ್ಬಳು ಬಾಣಂತನದಲ್ಲಿ ಸತ್ತ ಮೇಲೆ ತನಗೆ ಮದುವೆಯೂ ಬೇಡ ಎಂತದ್ದೂ ಬೇಡ ಅಂತ ಚರ್ಚಿನ ಗೋಡೆಗೆ ಅಂಟಿದ ಒಂದು ಕೋಣೆಯೊಳಗೆ ಹೋಗಿ ಕೂರ್ತಾಳೆ, ಸಾಯುವವರೆಗೆ ಹೊರಗೆ ಬರ್ಲಿಕ್ಕಿಲ್ಲ. ಇದು ಕಲ್ಪನೆ ಅಲ್ಲ ಮಾರಾಯ್ರೆ, ಆಗ ಇಂಥವರು ಇದ್ದರು. ಒಳಗೆ ಕಳಿಸುವಾಗ ಸತ್ತವರಿಗೆ ಮಾಡುವ ಪ್ರಾರ್ಥನೆಯನ್ನೇ ಮಾಡ್ತಿದ್ದರು, ನಮ್ಮಲ್ಲಿ ಸನ್ಯಾಸ ತಗೊಳ್ಳುವವರು ತಮ್ಮ ಶ್ರಾದ್ಧ ತಾವೇ ಮಾಡಿಕೊಳ್ತಾರಲ್ಲ, ಹಾಗೆ. ಸಾಮಾನ್ಯವಾಗಿ ಮೂರು ಕಿಟಕಿ: ಪೂಜೆ ನೋಡ್ಲಿಕ್ಕೆ ಒಂದು, ಊಟ ಕೊಡ್ಲಿಕ್ಕೆ ಕೆಲಸದವಳಿಗೆ ಒಂದು, ಬಂದವರ ಹತ್ರ ಮಾತಾಡ್ಲಿಕ್ಕೆ ಕರ್ಟನ್ ಹಾಕಿದ್ದು ಒಂದು. ಅವರಿಗಂತಲೇ 13ನೇ ಶತಮಾನದಲ್ಲಿ ಬರೆದ ನಿಯಮದ ಪುಸ್ತಕದಲ್ಲಿ ಸಾಕ್ಲಿಕ್ಕೆ ಬೆಕ್ಕು ಒಂದಕ್ಕೇ ಪರ್ಮಿಷನ್. ದನ ಇಟ್ಟುಕೊಂಡರೆ ಮೇವಿನ ಚಿಂತೆ, ಪಕ್ಕದ ಗದ್ದೆಗೆ ನುಗ್ಗಿದರೆ ಜಗಳ, ಹಾಗಾಗಿ ಬೇಡ.

ಕಂಕನಾಡಿಯಲ್ಲಿ ಹೊರಗೆ ಬರದ ಕಾರ್ಮೆಲ್ ಸಿಸ್ಟರ್‌ಗಳ ಮಠ ಉಂಟು, ಸಣ್ಣದಿರುವಾಗ ಅಜ್ಜಿ ಜೊತೆ ಹೋಗಿದ್ದೆ. ಸರಳಿನ ಆಚೆಯಿಂದ ಒಂದು ಸ್ವರ, ಅದೂ ನಗುವ ಸ್ವರ, ನನ್ನ ಹೆಸರು ಕೇಳಿತು. ಕಾದಂಬರಿ ಓದುವಾಗ ಇಡೀ ಅದೇ ಸ್ವರ ಕಿವಿಯಲ್ಲಿ.

ಟೀ_ಬ್ರೇಕ್:
ಪೋಪ್ ಜೋನ್ ಓದಿ ಗುರು, ಗಂಡು ವೇಷ ಹಾಕಿ ಪೋಪ್ ಆದವಳ ರಿಯಲ್ ಸ್ಟೋರಿ

ಹಳೇ_ಖಾತೆಪುಸ್ತಕ:
ರಿಯಲ್ ಅಲ್ಲ ಗುರು. ನಡೆದಿದ್ದು 9ನೇ ಶತಮಾನದಲ್ಲಿ ಅಂತಾರೆ, ಆದ್ರೆ ಬರವಣಿಗೆಯಲ್ಲಿ ಕಾಣಿಸ್ಕೊಳ್ಳೋದು 13ನೇ ಶತಮಾನದಲ್ಲಿ. 1647ರಲ್ಲಿ ಇದು ಬರೀ ಕಟ್ಟುಕಥೆ ಅಂತ ಪುಸ್ತಕನೇ ಬರೆದ ಡೇವಿಡ್ ಬ್ಲಾಂಡೆಲ್ ಪ್ರೊಟೆಸ್ಟೆಂಟ್, ಪೋಪ್ ಪರ ವಹಿಸೋ ದರ್ದು ಅವನಿಗೇನಿತ್ತು? ಕಾದಂಬರಿ ಆಗಿ ಓದೋಕೆ ಓಕೆ.

ಜ್ವಾಳದ_ರೊಟ್ಟಿ:
ಕಾದಂಬರಿ ಯಾಕ್ ಬೇಕ್ರಿ, ಸೀದಾ ಮಾರ್ಜರಿ ಕೆಂಪ್ ಓದ್ರಿ. ಮಧ್ಯಯುಗದ ಇಂಗ್ಲೆಂಡಿನ್ಯಾಗ ಲಿನ್ ಅನ್ನೂ ಊರಾಕಿ, 14 ಮಕ್ಕಳ ತಾಯಿ, ಸನ್ಯಾಸಿನಿ ಅಲ್ಲವೇ ಅಲ್ಲ. ಮೊದಲ ಬಿಯರ್ ಮಾಡೂ ಧಂದೆ ಹಾಕಿ ಲಾಸ್ ಆದ್ಲು, ಆಮ್ಯಾಲ ಕುದರಿ ಕಟ್ಟಿ ಗಿರಣಿ ಹಾಕಿದ್ಲು, ಕುದರಿ ಮುಂದ ಹೆಜ್ಜಿ ಇಡಾಕ ಒಲ್ಲೆ ಅಂದ್ವು, ಇದು ದೇವರದ ಇಶಾರೆ ಅಂತ ಯಾತ್ರಿ ಹೊಂಟ್ಲು. ಚರ್ಚಿನ್ಯಾಗ ಗೊಳೋ ಅಂತ ಅಳಾಕಿ, ಜೊತಿ ಬಂದ ಯಾತ್ರಿಕರು ಸಾಕಾಗಿ ಬಿಟ್ಟ ಹೋಗಾವ್ರು. ತನ್ನ ಕಥಿ ತಾನ ಹೇಳಿ ಬರಸ್ಯಾಳ, ಆದ್ರ "ನಾನು" ಅನ್ನೂದಿಲ್ಲ, "ಈ ಜೀವಿ" ಅಂತಾಳ.

ಒಂದ್ ಸೀನ್ ಐತಿ. ಬ್ಯಾಸಗಿ ಶುಕ್ರವಾರ, ಗಂಡಾ ಹೆಂಡ್ತಿ ಯಾರ್ಕ್‌ನಿಂದ ನಡ್ಕೊಂತ ಬರ್ತಿರ್ತಾರ, ಈಕಿ ಕೈಯಾಗ ಬಿಯರ್ ಬಾಟ್ಲಿ, ಅಂವ ಅಂಗಿ ಒಳಗ ಕೇಕ್ ಇಟ್ಕೊಂಡಾನ. ನಡು ದಾರ್ಯಾಗ ವ್ಯವಹಾರ ಕುದರತೈತಿ: ಇನ್ನ ನನ್ನ ಮುಟ್ಟಬ್ಯಾಡ, ನಿನ್ನ ಸಾಲ ನಾ ತೀರಸ್ತೀನಿ. ಅಂವ ಅಂತಾನ, ಹಂಗಾದ್ರ ಶುಕ್ರವಾರ ಉಪವಾಸ ಬಿಟ್ಟು ನನ್ನ ಜೋಡಿ ಊಟ ಮಾಡು. ಆಮ್ಯಾಲ ಶಿಲುಬಿ ಕೆಳಗ ಕುಂತು ಕೇಕ್ ತಿಂದು ಬಿಯರ್ ಕುಡದ್ರು. ಯಾವ ಕಾದಂಬರಿಕಾರ ಬರೀತಾನ್ರಿ ಇದನ್ನ? ಪೂರ್ತಿ ಹಸ್ತಪ್ರತಿ ಸಿಕ್ಕಿದ್ದು 1934ರಾಗ, ಒಂದ್ ಮನಿ ಕಪಾಟಿನ್ಯಾಗ. ಪಿಂಗ್‌ಪಾಂಗ್ ಚೆಂಡು ಹುಡಕೂ ಮುಂದ ಸಿಕ್ಕಿತು ಅಂತ ಹೇಳ್ತಾರ.

ಸಂಜೆಪುಸ್ತಕ:
ಕೇಕ್ ಅಂಗಿ ಒಳಗೆ 😂 ಇದನ್ನೇ ಮೊದಲು ಓದ್ತೀನಿ. ಓಬಿ ಪುಸ್ತಕನೂ ಆರ್ಡರ್ ಮಾಡ್ದೆ, ಸ್ಯಾಂಪಲ್ ನೋಡಿದ್ರೆ ಮೊದಲ ಪುಟಗಳಲ್ಲೇ ರಾಶಿ ಹೆಸರು, ಬರ್ಕೊಂಡು ಓದ್ಬೇಕಾ?

ಹಳೇ_ಖಾತೆಪುಸ್ತಕ:
ಬರ್ಕೊಳ್ಳಿ, ಪೆನ್ಸಿಲಲ್ಲೇ ಬರ್ಕೊಳ್ಳಿ. ಮಠದ ಮುಖ್ಯಸ್ಥೆ ಒಬ್ಬಳ ಹೆಸರು ನೆನಪಲ್ಲಿ ಕೂರೋಷ್ಟರಲ್ಲಿ ಅವಳು ಸತ್ತು ಇನ್ನೊಬ್ಬಳ ಎಲೆಕ್ಷನ್ ಶುರುವಾಗಿರುತ್ತೆ.