ಕ್ಯಾನ್ಸರ್ ಚಿಕಿತ್ಸೆ ನಡುವೆ ಹೊಟ್ಟೆ ಕೆಟ್ಟರೆ: ಗುಂಪಿನವರ ಪ್ರಶ್ನೆ, ದಾವಣಗೆರೆ ಡಾಕ್ಟರ ಉತ್ತರ

ಪ್ರಶ್ನೆ (ಜಗಳೂರು): ಡಾಕ್ಟ್ರೇ, ನಮಸ್ಕಾರ. ನಮ್ಮ ಅಪ್ಪನಿಗೆ 62 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್, ಆಪರೇಷನ್ ಆಗಿದೆ. ಈಗ ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಡ್ರಿಪ್ ಹಾಕ್ತಾರೆ, ಮನೆಯಲ್ಲಿ ಕ್ಯಾಪೆಸಿಟಬಿನ್ ಮಾತ್ರೆ. ಇದು ಮೂರನೇ ಸೈಕಲ್, ಹತ್ತನೇ ದಿನ. ನಿನ್ನೆಯಿಂದ ನೀರು ಭೇದಿ. ಏಳೆಂಟು ಸಲ ಆಗಿದೆ, ರಾತ್ರಿಯೂ ಎದ್ದು ಹೋಗಿದ್ದಾರೆ. "ಕ್ಯಾನ್ಸರ್ ಮಾತ್ರೆ ಒಂದು ಹೊತ್ತೂ ತಪ್ಪಿಸಬಾರದು" ಅಂತ ಹಟ ಹಿಡಿದು ನುಂಗ್ತಾ ಇದ್ದಾರೆ. ನಿಲ್ಲಿಸಬೇಕಾ?

ಉತ್ತರ: ನಿಲ್ಲಿಸಿ. ಇವತ್ತು ರಾತ್ರಿಯ ಡೋಸೇ ಬೇಡ. ಈಗಲೇ ಕೀಮೋ ಕೊಟ್ಟ ಡಾಕ್ಟರಿಗೆ ಫೋನ್ ಮಾಡಿ ಹೇಳಿ. ದಿನನಿತ್ಯಕ್ಕಿಂತ ನಾಲ್ಕು ಸಲ ಜಾಸ್ತಿ ಆದರೆ, ಅಥವಾ ರಾತ್ರಿ ನಿದ್ದೆಯಿಂದ ಎಬ್ಬಿಸುವಂಥ ಭೇದಿ ಇದ್ದರೆ, ಕ್ಯಾಪೆಸಿಟಬಿನ್ ತಡೆಹಿಡಿಯಬೇಕು ಅಂತ ಆ ಔಷಧಿಯ ಸೂಚನೆಯಲ್ಲೇ ಇದೆ. ತಪ್ಪಿದ ಮಾತ್ರೆಗಳನ್ನು ಆಮೇಲೆ ಸೇರಿಸಿ ನುಂಗುವುದೂ ಬೇಡ. ಹೋದದ್ದು ಹೋಯಿತು. ಇದನ್ನು ನಿಮ್ಮ ತಂದೆಯವರಿಗೆ ಡಾಕ್ಟರ ಬಾಯಿಂದಲೇ ಹೇಳಿಸಿ. ಮಕ್ಕಳು ಹೇಳಿದರೆ ಕೇಳುವ ವಯಸ್ಸಲ್ಲ ಅದು.

ಜ್ವರ ಇಲ್ಲ, ಮಲದಲ್ಲಿ ರಕ್ತ ಇಲ್ಲ, ಹೊಟ್ಟೆ ಉಬ್ಬಿ ನೋಯುತ್ತಿಲ್ಲ ಅಂದರೆ, ಡಾಕ್ಟರನ್ನು ಕೇಳಿ ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ಶುರು ಮಾಡಬಹುದು. 2 ಮಿಲಿಗ್ರಾಂ ಮಾತ್ರೆ ಮೊದಲು ಎರಡು, ಆಮೇಲೆ ಪ್ರತಿ ಸಲ ನೀರಾಗಿ ಹೋದಾಗ ಒಂದು. ದಿನಕ್ಕೆ ಎಂಟು ದಾಟಬಾರದು. ಒಂದು ದಿನದಲ್ಲಿ ಹತೋಟಿಗೆ ಬರದಿದ್ದರೆ ಆಸ್ಪತ್ರೆಗೆ ಬನ್ನಿ.

ಜ್ವರ ಇದ್ದರೆ ಮಾತ್ರ ಒಂದು ದಿನವೂ ಕಾಯಬೇಡಿ. ಕೀಮೋ ಆದ ವಾರ ಎರಡು ವಾರದೊಳಗೆ ಬಿಳಿ ರಕ್ತಕಣ ತೀರಾ ಕೆಳಗೆ ಇಳಿದಿರುತ್ತದೆ. ಆಗ ಕರುಳಿನ ಒಳಪದರ ಹುಣ್ಣಾಗಿ, ಅಲ್ಲಿರುವ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗಬಹುದು. 101 ಡಿಗ್ರಿ ಫ್ಯಾರನ್‌ಹೀಟ್ ಜ್ವರ, ಜೊತೆಗೆ ಭೇದಿ, ಬಲಗಡೆ ಕಿಬ್ಬೊಟ್ಟೆ ನೋವು ಅಂದರೆ ರಾತ್ರಿ ಎರಡು ಗಂಟೆಯಾಗಿದ್ದರೂ ಹೊರಡಿ. ಜಗಳೂರಿಂದ ದಾವಣಗೆರೆ ದೂರ ಏನಲ್ಲ. ಬೆಂಗಳೂರಲ್ಲಿ ಕೀಮೋ ಆಗಿದೆ, ಅಲ್ಲಿಗೇ ಹೋಗೋಣ ಅಂತ ಬೆಳಗಿನ ರೈಲಿಗೆ ಕಾಯುವವರಿದ್ದಾರೆ. ಮೊದಲ ಆಂಟಿಬಯಾಟಿಕ್ ಇಂಜೆಕ್ಷನ್ ಹತ್ತಿರದ ದೊಡ್ಡ ಆಸ್ಪತ್ರೆಯಲ್ಲೇ ಬೀಳಲಿ. ಮಿಕ್ಕ ಮಾತು ಆಮೇಲೆ.

ಅದೇ ಸದಸ್ಯೆ: ಜ್ವರ ಇಲ್ಲ ಸರ್. ಮಾತ್ರೆ ನಿಲ್ಲಿಸಿದ್ವಿ, ಡಾಕ್ಟರಿಗೂ ಹೇಳಿದ್ವಿ. ಮುಂದಿನ ಸಲ ಡೋಸ್ ಕಮ್ಮಿ ಮಾಡ್ತೀವಿ ಅಂದರು. ಕಮ್ಮಿ ಮಾಡಿದರೆ ಕಾಯಿಲೆ ವಾಪಸ್ ಬರಲ್ವಾ? ಮೆಡಿಕಲ್‌ನಲ್ಲಿ ಓಆರ್‌ಎಸ್ ಕೇಳಿದರೆ ಕಿತ್ತಳೆ ರುಚಿಯ ಡಬ್ಬಿ ಕೊಟ್ಟರು, ಅದನ್ನೇ ಕುಡಿಸ್ತಿದ್ದೀವಿ.

ಉತ್ತರ: ಡೋಸ್ ಇಳಿಸುವುದು ಚಿಕಿತ್ಸೆಯಲ್ಲೇ ಸೇರಿರುವ ಕ್ರಮ. ತಾಳಿಕೊಳ್ಳುವ ಡೋಸಿನಲ್ಲಿ ಕೋರ್ಸ್ ಮುಗಿಸುವುದು, ಪೂರ್ತಿ ಡೋಸ್ ಕೊಟ್ಟು ಐಸಿಯು ಸೇರಿಸುವುದಕ್ಕಿಂತ ಒಳ್ಳೆಯದು ಅಲ್ವಾ? ಕ್ಯಾಪೆಸಿಟಬಿನ್ ಮೈಯೊಳಗೆ 5-ಎಫ್‌ಯು ಅನ್ನುವ ಕೀಮೋ ಔಷಧಿಯಾಗಿ ಬದಲಾಗುತ್ತದೆ. ಅದರಲ್ಲಿ 80 ಪರ್ಸೆಂಟಿಗೂ ಹೆಚ್ಚು ಭಾಗವನ್ನು ಡಿಪಿಡಿ ಅನ್ನುವ ಕಿಣ್ವ ಒಡೆದು ಹಾಕುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಆ ಕಿಣ್ವ ಕಮ್ಮಿ. ಅಂಥವರಿಗೆ ಮಾಮೂಲಿ ಡೋಸೇ ವಿಷ. ಯುರೋಪಿನ ಔಷಧ ಸಂಸ್ಥೆ 2020ರಲ್ಲಿ ಚಿಕಿತ್ಸೆಗೆ ಮೊದಲೇ ಇದನ್ನು ಪರೀಕ್ಷೆ ಮಾಡಿ ಅಂತ ಹೇಳಿತು. ಆದರೆ ಕಿಣ್ವದ ಕೊರತೆ ಜೋರಾಗಿದ್ದರೆ ಸಾಮಾನ್ಯವಾಗಿ ಮೊದಲ ಸೈಕಲ್‌ನಲ್ಲೇ ಗೊತ್ತಾಗುತ್ತದೆ. ನಿಮ್ಮ ತಂದೆ ಮೂರನೆಯದರವರೆಗೆ ಬಂದಿದ್ದಾರೆ. ಆ ಭಯ ಅಷ್ಟಾಗಿ ಬೇಡ. ಪರೀಕ್ಷೆ ಬೇಕಾ ಅಂತ ನಿಮ್ಮ ಡಾಕ್ಟರನ್ನು ಕೇಳಿ ನೋಡಿ.

ಆ ಡಬ್ಬಿ ಬಿಡಿ. ಸಕ್ಕರೆ ಜಾಸ್ತಿಯಾದರೆ ಭೇದಿಯೂ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಇರಬೇಕು. ಆ ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಓಆರ್‌ಎಸ್ ಅಂತ ಬರೆಯಲೇಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿದೆ. ಪುಡಿಯ ಪೊಟ್ಟಣ ತಗೊಳ್ಳಿ, ಹಿಂದೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇದೆಯಾ ನೋಡಿ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಕಲಸಿ. ಲೋಟಕ್ಕೆ ಚಿಟಿಕೆ ಚಿಟಿಕೆ ಉದುರಿಸಿದರೆ ಲೆಕ್ಕ ತಪ್ಪುತ್ತದೆ. ಫ್ರಿಜ್‌ನಲ್ಲಿ ಇಡಬೇಡಿ. ಆಕ್ಸಾಲಿಪ್ಲಾಟಿನ್ ಹಾಕಿದ ಮೊದಲ ಕೆಲವು ದಿನ ತಣ್ಣಗಿನದು ಕುಡಿದರೆ ಗಂಟಲು ಹಿಡಿದುಕೊಂಡ ಹಾಗಾಗುತ್ತದೆ. ಮಜ್ಜಿಗೆ ಕೊಟ್ಟು ನೋಡಿ, ಭೇದಿ ಜಾಸ್ತಿ ಅನ್ನಿಸಿದರೆ ನಿಲ್ಲಿಸಿ. ಈ ಸಮಯದಲ್ಲಿ ಕೆಲವರಿಗೆ ಹಾಲು ಮೊಸರು ಅರಗುವುದಿಲ್ಲ. ಅಕ್ಕಿ ಗಂಜಿಗೆ ಉಪ್ಪು ಹಾಕಿ ಕೊಟ್ಟರೆ ಯಾವ ತಕರಾರೂ ಇಲ್ಲ.

ಪ್ರಶ್ನೆ (ಹರಿಹರ): ಸರ್, ನಮ್ಮ ಅಕ್ಕನಿಗೆ ಸ್ತನ ಕ್ಯಾನ್ಸರ್. ಕೆಂಪು ಬಣ್ಣದ ಕೀಮೋ ಆದ ದಿನ ಚೆನ್ನಾಗೇ ಇರ್ತಾಳೆ. ಎರಡನೇ ದಿನದಿಂದ ಒಂದೇ ಸಮನೆ ಓಕರಿಕೆ, ವಾಂತಿ. ಒಲಾಂಜಪಿನ್ ಅಂತ ಒಂದು ಮಾತ್ರೆ ಬರೆದಿದ್ದಾರೆ. ಗೊತ್ತಿರುವವರೊಬ್ಬರು ಅದು ತಲೆ ಕೆಟ್ಟವರಿಗೆ ಕೊಡೋದು ಅಂದರು. ಹೆದರಿ ಕೊಟ್ಟಿಲ್ಲ.

ಉತ್ತರ: ಕೊಡಿ, ಧೈರ್ಯವಾಗಿ ಕೊಡಿ. ಮಾನಸಿಕ ಕಾಯಿಲೆಗೆ ಬಳಸುವ ಮಾತ್ರೆ ಅನ್ನುವುದು ನಿಜ. ಆದರೆ ಮೆದುಳಿನಲ್ಲಿ ವಾಂತಿ ಎಬ್ಬಿಸುವ ಹಲವು ಸಂದೇಶಗಳನ್ನು ಅದೊಂದೇ ತಡೆಯುತ್ತದೆ. ಓಂಡಾನ್ಸೆಟ್ರಾನ್ ಥರದ ಮಾತ್ರೆಗಳ ಬಲವೆಲ್ಲ ಮೊದಲ 24 ಗಂಟೆಯ ವಾಂತಿಗೆ. ಎರಡನೇ ದಿನದಿಂದ ಐದನೇ ದಿನದವರೆಗೆ ಬರುವ ವಾಂತಿಯ ಕಾರಣವೇ ಬೇರೆ. ಅದಕ್ಕೇ ಅಪ್ರೆಪಿಟಂಟ್, ಡೆಕ್ಸಾಮೆಥಾಸೋನ್, ಒಲಾಂಜಪಿನ್ ಎಲ್ಲ ಸೇರಿಸಿ ಬರೆಯುವುದು.

ಇದರಲ್ಲಿ ನಮ್ಮ ದೇಶದ್ದೇ ಒಂದು ಒಳ್ಳೆಯ ಸಂಶೋಧನೆ ಇದೆ. ಒಲಾಂಜಪಿನ್ ವಾಂತಿ ತಡೆಯುತ್ತದೆ ಎಂದು 2016ರಲ್ಲಿ ಅಮೆರಿಕದ ದೊಡ್ಡ ಅಧ್ಯಯನ 10 ಮಿಲಿಗ್ರಾಂ ಡೋಸಿನಲ್ಲಿ ತೋರಿಸಿತ್ತು. ಆ ಡೋಸಿಗೆ ಜನ ಹಗಲೆಲ್ಲ ತೂಗಡಿಸುತ್ತಿದ್ದರು. ಮುಂಬೈನ ಟಾಟಾ ಮೆಮೋರಿಯಲ್‌ನವರು 2.5 ಮಿಲಿಗ್ರಾಂ ಸಾಕಾ ಅಂತ ಹೋಲಿಸಿ ನೋಡಿದರು. 2024ರಲ್ಲಿ ಪ್ರಕಟವಾದ ಫಲಿತಾಂಶ ಇಷ್ಟು: ಕಾಲು ಭಾಗ ಡೋಸ್ ಕೊಟ್ಟರೂ ವಾಂತಿ ತಡೆಯುವುದರಲ್ಲಿ ಹಿಂದೆ ಬೀಳಲಿಲ್ಲ, ತೂಕಡಿಕೆ ಮಾತ್ರ ಕಮ್ಮಿಯಾಯಿತು. ಅಕ್ಕನ ಚೀಟಿಯಲ್ಲಿ ಎಷ್ಟು ಬರೆದಿದ್ದಾರೆ ನೋಡಿ. ನಿದ್ದೆ ತೀರಾ ಜಾಸ್ತಿ ಅನ್ನಿಸಿದರೆ ಕಮ್ಮಿ ಮಾಡಬಹುದಾ ಅಂತ ಕೇಳಿ. ರಾತ್ರಿ ಮಲಗುವ ಮುಂಚೆ ಕೊಡಿ. ವಾಂತಿ ಶುರುವಾದ ಮೇಲೆ ಕೊಡೋಣ ಅಂತ ಎತ್ತಿಡಬೇಡಿ. ಬಂದ ಮೇಲೆ ನಿಲ್ಲಿಸುವುದಕ್ಕಿಂತ ಬಾರದಂತೆ ತಡೆಯುವುದು ಸುಲಭ.

ಪ್ರಶ್ನೆ (ಚಿತ್ರದುರ್ಗ): ನಮ್ಮ ಮಾವನಿಗೆ ಬಾಯಿ ಕ್ಯಾನ್ಸರ್. ನೋವಿಗೆ ಮಾರ್ಫಿನ್ ಮಾತ್ರೆ ಕೊಡ್ತಿದ್ದೀವಿ. ಆರು ದಿನ ಮೋಷನ್ನೇ ಆಗಿರಲಿಲ್ಲ. ಇವತ್ತು ಸ್ವಲ್ಪ ಸ್ವಲ್ಪ ನೀರಾಗಿ, ಗೊತ್ತಾಗದ ಹಾಗೆ ಬಟ್ಟೆಯಲ್ಲೇ ಹೋಗ್ತಿದೆ. ಮೇಲಿನ ಉತ್ತರ ಓದಿ ಲೋಪೆರಮೈಡ್ ತಂದಿಟ್ಟಿದ್ದೀನಿ.

ಉತ್ತರ: ದಯವಿಟ್ಟು ಕೊಡಬೇಡಿ! ಇದು ಭೇದಿ ಅಲ್ಲ, ಮಲಬದ್ಧತೆ. ಗುದನಾಳದಲ್ಲಿ ಮಲ ಕಲ್ಲಾಗಿ ಕೂತಿರುತ್ತದೆ. ಮೇಲಿನ ನೀರಿನಂಶ ಅದರ ಪಕ್ಕದಿಂದ ಜಾರಿ ಬರುತ್ತದೆ. ಗುದದ್ವಾರದಲ್ಲಿ ಬೆರಳಿಟ್ಟು ನೋಡಿದರೆ ಡಾಕ್ಟರಿಗೆ ಒಂದು ನಿಮಿಷದಲ್ಲಿ ತಿಳಿಯುತ್ತದೆ. ನಾಚಿಕೆಗೆ ಈ ಪರೀಕ್ಷೆ ಬೇಡ ಅಂದು, ಸುಮ್ನೆ ಭೇದಿ ಮಾತ್ರೆ ನುಂಗಿ ಕಷ್ಟಕ್ಕೆ ಸಿಕ್ಕವರನ್ನು ನೋಡಿದ್ದೇನೆ. ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಎನಿಮಾ ಬೇಕಾಗಬಹುದು. ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ, ವಾಂತಿಯೂ ಆಗುತ್ತಿದ್ದರೆ ಕರುಳು ಕಟ್ಟಿಕೊಂಡಿರಬಹುದು. ಆಗ ಬಾಯಿಂದ ಏನೂ ಕೊಡದೆ ತಕ್ಷಣ ಹೊರಡಿ.

ಮಾರ್ಫಿನ್ ನೋವು ತಗ್ಗಿಸುತ್ತದೆ, ಜೊತೆಗೇ ಕರುಳಿನ ಚಲನೆಯನ್ನೂ ತಗ್ಗಿಸುತ್ತದೆ. ಓಕರಿಕೆ, ತೂಕಡಿಕೆಗೆ ಮೈ ಕೆಲವೇ ದಿನದಲ್ಲಿ ಹೊಂದಿಕೊಳ್ಳುತ್ತದೆ. ಮಲಬದ್ಧತೆಗೆ ಹೊಂದಿಕೊಳ್ಳುವುದೇ ಇಲ್ಲ. ಹಾಗಾಗಿ ಮಾರ್ಫಿನ್ ಶುರುವಾದ ದಿನವೇ ಸೆನ್ನಾ ಅಥವಾ ಬಿಸಾಕೊಡಿಲ್ ಥರದ, ಮೋಷನ್ ಮಾಡಿಸುವ ಮಾತ್ರೆಯೂ ಶುರುವಾಗಬೇಕು. ಇಸಬ್ಗೋಲ್ ಸಾಕು ಅಂತ ಕೆಲವರು ಹೇಳುತ್ತಾರೆ. ನೀರು ಸರಿಯಾಗಿ ಕುಡಿಯಲಾಗದ ಬಾಯಿ ಕ್ಯಾನ್ಸರ್ ರೋಗಿಗೆ ಅದು ಒಳಗೇ ಗಂಟಾಗುತ್ತದೆ, ಬೇಡ. ಮೋಷನ್ ಆಗಲಿ ಅಂತ ಮಾರ್ಫಿನ್ ನಿಲ್ಲಿಸುವುದೂ ಬೇಡ. ಅವರಿಗೆ ನೋವಿನ ಜೊತೆ ಇನ್ನೊಂದು ಶಿಕ್ಷೆ ಯಾಕೆ?

ಪ್ರಶ್ನೆ (ದಾವಣಗೆರೆ, ವಿದ್ಯಾನಗರ): ನಮ್ಮ ತಂದೆಗೆ ಶ್ವಾಸಕೋಶದ ಕ್ಯಾನ್ಸರ್‌ಗೆ ಇಮ್ಯುನೊಥೆರಪಿ ನಡೀತಿತ್ತು. ಕೊನೆಯ ಇಂಜೆಕ್ಷನ್ ಆಗಿ ಎರಡು ತಿಂಗಳು ಕಳೆದಿದೆ. ಈಗ ಭೇದಿ, ಜೊತೆಗೆ ಲೋಳೆ. ಹೊರಗಿನ ಊಟದ್ದು ಅಂತ ಆಂಟಿಬಯಾಟಿಕ್ ಕೊಟ್ಟರು, ಕಮ್ಮಿ ಆಗಿಲ್ಲ.

ಉತ್ತರ: ಆಂಟಿಬಯಾಟಿಕ್ ಕೊಟ್ಟವರಿಗೆ ಇಮ್ಯುನೊಥೆರಪಿ ಆಗಿದೆ ಅಂತ ಹೇಳಿದ್ರಾ? ನಾನು ಈ ಗುಂಪಿನಲ್ಲಿ ಒಂದೇ ಮಾತು ಹತ್ತು ಸಲ ಬರೆಯುತ್ತೇನೆ: ಔಷಧಿಯ ಹೆಸರು ಹೇಳಿ, ಬರೀ "ಕ್ಯಾನ್ಸರ್ ಟ್ರೀಟ್‌ಮೆಂಟ್" ಅನ್ನಬೇಡಿ. ಕ್ಯಾಪೆಸಿಟಬಿನ್ ಭೇದಿಗೆ ಲೋಪೆರಮೈಡ್, ಮಾರ್ಫಿನ್‌ನ ಹುಸಿ ಭೇದಿಗೆ ಎನಿಮಾ, ಇಮ್ಯುನೊಥೆರಪಿಯ ಭೇದಿಗೆ ಸ್ಟೀರಾಯ್ಡ್. ನೋಡಲು ಎಲ್ಲ ಒಂದೇ ಥರ ಇರುತ್ತದೆ.

ಇಮ್ಯುನೊಥೆರಪಿ ಗಡ್ಡೆಯನ್ನು ನೇರವಾಗಿ ಕೊಲ್ಲುವುದಿಲ್ಲ, ನಮ್ಮ ರೋಗನಿರೋಧಕ ಶಕ್ತಿಯ ಬ್ರೇಕ್ ಬಿಡಿಸುತ್ತದೆ. ಬ್ರೇಕ್ ಬಿಟ್ಟ ಮೇಲೆ ಅದು ಕೆಲವೊಮ್ಮೆ ಕರುಳಿನ ಮೇಲೂ ಹರಿಯುತ್ತದೆ. ಇಂಜೆಕ್ಷನ್ ನಿಲ್ಲಿಸಿ ತಿಂಗಳುಗಳಾದ ಮೇಲೂ ಹೀಗಾಗಬಹುದು. ಮಲ ಪರೀಕ್ಷೆ ಮಾಡಿಸಿ ಸೋಂಕು ಇಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಕೊಲೊನೋಸ್ಕೋಪಿ, ಅಂದರೆ ದೊಡ್ಡ ಕರುಳಿಗೆ ಕ್ಯಾಮೆರಾ ನಳಿಕೆ ಹಾಕಿ, ಒಳಪದರದ ಚೂರು ತೆಗೆದು ನೋಡಬೇಕಾಗಬಹುದು. ಸ್ಟೀರಾಯ್ಡ್‌ಗೆ ಮೂರರಿಂದ ಐದು ದಿನದಲ್ಲಿ ಬಗ್ಗದಿದ್ದರೆ ಇನ್‌ಫ್ಲಿಕ್ಸಿಮ್ಯಾಬ್ ಅಥವಾ ವೆಡೊಲಿಜುಮ್ಯಾಬ್ ಅನ್ನುವ ಬೇರೆ ಔಷಧಿ ಇದೆ. ಸ್ಟೀರಾಯ್ಡ್ ಕೆಲಸ ಮಾಡಿತು ಅಂತ ದಿಢೀರನೆ ನಿಲ್ಲಿಸಬೇಡಿ. ವಾರಗಟ್ಟಲೆ ನಿಧಾನವಾಗಿ ಇಳಿಸುತ್ತಾರೆ. ನಾಳೆಯೇ ಕ್ಯಾನ್ಸರ್ ಡಾಕ್ಟರನ್ನು ನೋಡಿ.

ಪ್ರಶ್ನೆ (ಚಳ್ಳಕೆರೆ): ನಮ್ಮ ಅತ್ತೆಗೆ ಗರ್ಭಕೊರಳಿನ ಕ್ಯಾನ್ಸರ್‌ಗೆ ರೇಡಿಯೇಷನ್ ಆಗಿ ಒಂದು ವರ್ಷ. ಈಗ ಮೋಷನ್‌ನಲ್ಲಿ ರಕ್ತ. ಮೂಲವ್ಯಾಧಿ ಅಂತ ನಾಟಿ ಔಷಧಿ ಮಾಡಿಸ್ತಿದ್ದೀವಿ.

ಉತ್ತರ: ಮೊದಲು ಒಳಗೆ ನೋಡಿಸಿ, ಔಷಧಿ ಆಮೇಲೆ. ರೇಡಿಯೇಷನ್‌ನ ಪೆಟ್ಟು ಗುದನಾಳಕ್ಕೂ ಬಿದ್ದಿರುತ್ತದೆ. ತಿಂಗಳುಗಳು, ವರ್ಷ ಕಳೆದ ಮೇಲೆ ಅಲ್ಲಿ ಹೊಸ, ತೆಳುವಾದ ರಕ್ತನಾಳಗಳು ಬೆಳೆದು ಒಡೆಯುತ್ತವೆ. ಸುಕ್ರಾಲ್‌ಫೇಟ್ ಎನಿಮಾದಿಂದ, ಇಲ್ಲವೇ ಸ್ಕೋಪ್ ಹಾಕಿ ಆರ್ಗಾನ್ ಅನಿಲದಿಂದ ಸುಟ್ಟು ರಕ್ತ ನಿಲ್ಲಿಸಬಹುದು. ಸ್ಕೋಪ್ ಮಾಡುವವರಿಗೆ ರೇಡಿಯೇಷನ್ ಆಗಿದೆ ಅಂತ ಹೇಳಲೇಬೇಕು. ರೇಡಿಯೇಷನ್‌ನ ಪೆಟ್ಟು ಬಿದ್ದ ಜಾಗದಲ್ಲಿ ವಿನಾಕಾರಣ ಚೂರು ತೆಗೆದರೆ ಗಾಯ ಮಾಯದೆ ತೂತು ಬೀಳಬಹುದು.

ಪ್ರಶ್ನೆ (ದಾವಣಗೆರೆ): ಸರ್, ಎರಡು ಪ್ರಶ್ನೆ. ಕೀಮೋ ನಡೆಯುವಾಗ ಮಂಡಕ್ಕಿ, ಮಿರ್ಚಿ ತಿನ್ನಬಹುದಾ? ಇನ್ನೊಂದು, ಹೊಟ್ಟೆಯ ಒಳ್ಳೆ ಬ್ಯಾಕ್ಟೀರಿಯಾದ ಮಾತ್ರೆ ತಗೊಂಡರೆ ಈ ತೊಂದರೆ ಎಲ್ಲ ಬರಲ್ವಂತೆ, ನಿಜಾನಾ?

ಉತ್ತರ: ಮಂಡಕ್ಕಿ ಬೇಡ ಅಂದರೆ ದಾವಣಗೆರೆಯಲ್ಲಿ ನನ್ನನ್ನು ಉಳಿಸ್ತಾರಾ! ಹಸಿ ತರಕಾರಿ, ಹಣ್ಣು ಎಲ್ಲ ಬಂದ್ ಮಾಡುವ ಪಥ್ಯದಿಂದ ಸೋಂಕು ಕಮ್ಮಿಯಾಗುತ್ತದೆ ಅಂತ ಅಧ್ಯಯನಗಳಲ್ಲಿ ಸಾಬೀತಾಗಿಲ್ಲ. ಶುಚಿ ಮುಖ್ಯ. ಮನೆಯಲ್ಲಿ ಆಗ ತಾನೇ ಒಗ್ಗರಣೆ ಹಾಕಿದ ಮಂಡಕ್ಕಿ ತಿನ್ನಲಿ. ಗಾಡಿಯ ಮೇಲೆ ಬೆಳಗ್ಗೆಯಿಂದ ಹೆಚ್ಚಿಟ್ಟ ಈರುಳ್ಳಿ, ಕೊತ್ತಂಬರಿ ಬೇಡ. ಬಾಯಿ ಹುಣ್ಣಾಗಿದ್ದರೆ, ಭೇದಿ ಇದ್ದರೆ ಮಿರ್ಚಿ ಖಂಡಿತ ಬೇಡ.

ಬ್ಯಾಕ್ಟೀರಿಯಾ ಮಾತ್ರೆ ಅಂದರೆ ಪ್ರೋಬಯಾಟಿಕ್. ಕರುಳಿನ ಬ್ಯಾಕ್ಟೀರಿಯಾಕ್ಕೂ ಚಿಕಿತ್ಸೆಗೂ ಸಂಬಂಧ ಇದೆ ಅನ್ನುವುದು ಗಾಳಿಮಾತಲ್ಲ. ಸ್ಟೀರಾಯ್ಡ್‌ಗೂ ಬಗ್ಗದ ಇಮ್ಯುನೊಥೆರಪಿ ಭೇದಿಗೆ, ಆರೋಗ್ಯವಂತರ ಮಲದಿಂದ ಬ್ಯಾಕ್ಟೀರಿಯಾ ತೆಗೆದು ರೋಗಿಯ ಕರುಳಿಗೆ ಸೇರಿಸಿ ಗುಣವಾದ ಇಬ್ಬರ ವಿವರ 2018ರಲ್ಲಿ ಅಮೆರಿಕದಿಂದ ಪ್ರಕಟವಾಯಿತು. ಆ ದಾರಿಯಲ್ಲಿ ಸಂಶೋಧನೆ ಮುಂದುವರಿದಿದೆ. ಆದರೆ ಅಂಗಡಿಯ ಕ್ಯಾಪ್ಸೂಲ್ ಅದಕ್ಕೆ ಸಮ ಅಲ್ಲ. ಬಿಳಿ ರಕ್ತಕಣ ತೀರಾ ಕಮ್ಮಿ ಇರುವವರಲ್ಲಿ ಆ "ಒಳ್ಳೆಯ" ಬ್ಯಾಕ್ಟೀರಿಯಾವೇ ಅಪರೂಪಕ್ಕೆ ರಕ್ತ ಸೇರಿ ಸೋಂಕು ಮಾಡಿದ್ದೂ ಇದೆ. ಡಾಕ್ಟರು ಬರೆಯದೆ ತಗೊಳ್ಳಬೇಡಿ.

ಅದೇ ಸದಸ್ಯರು: ಇಂಥ ಸಂಶೋಧನೆಗೆ ನಮ್ಮ ಕಡೆಯವರು ಸೇರಬಹುದಾ? ನಮ್ಮ ಮೇಲೆ ಪ್ರಯೋಗ ಮಾಡ್ತಾರೆ ಅಂತ ಹೆದರಿಕೆ.

ಉತ್ತರ: ಸೇರಬಹುದು. ಭಾರತದಲ್ಲಿ ನಡೆಯುವ ಔಷಧ ಪ್ರಯೋಗಗಳನ್ನು ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ಮೊದಲೇ ನೋಂದಾಯಿಸಬೇಕು. 2009ರಿಂದ ಇದು ಕಡ್ಡಾಯ. ಯಾವ ಊರಿನ ಯಾವ ಆಸ್ಪತ್ರೆಯಲ್ಲಿ ಏನು ನಡೆಯುತ್ತಿದೆ ಅಂತ ಯಾರು ಬೇಕಾದರೂ ಅದರಲ್ಲಿ ಹುಡುಕಬಹುದು. ಒಪ್ಪಿಗೆ ಪತ್ರವನ್ನು ನಿಮಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕು, ಕನ್ನಡದ್ದು ಕೇಳಿ ಪಡೆಯಿರಿ. ಸಹಿ ಹಾಕುವ ಮುಂಚೆ ಮನೆಗೆ ತಂದು ಓದಿ. ಸೇರಿದ ಮೇಲೂ ಯಾವಾಗ ಬೇಕಾದರೂ ಹೊರಗೆ ಬರಬಹುದು. ಹಾಗೆ ಬಂದರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.